ನನ್ನ ಪಾಚಿ ನನಗೆ ಕೊಡಿ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವರು ಸೀನುವಾಗಲೂ ಎಚ್ಚರವಾಗಿರಬೇಕು. ಪಾಚಿರಾಯ ಎಚ್ಚರವಾಗಿರಲಿಲ್ಲ. ಹಿಂದಿನ ದಿನ ಸಂಜೆ ಬೀದಿಯ ಕೊನೆಯಲ್ಲಿ ನಿವೃತ್ತ ಮೇಷ್ಟ್ರು ಅವನನ್ನು ತಡೆದು, "ಏನ್ ಸ್ವಾಮಿ, ನಿಮ್ಮ ಪಾಚಿ ಇವತ್ತು ಸ್ವಲ್ಪ ಜಾಸ್ತಿನೇ ನಾರ್ತಿದೆಯಲ್ಲಾ?" ಎಂದು ಕೇಳಿದ್ದೇ ತಡ, ಅಲ್ಲಿದ್ದವರನ್ನೆಲ್ಲ ಒಟ್ಟಿಗೇ ತರಾಟೆಗೆ ತೆಗೆದುಕೊಂಡಿದ್ದ.

"ನನ್ನ ಪಾಚಿಯಾ? ನಾನೇನು ಬಿತ್ತಿ ಬೆಳೆಸಿದ್ನಾ ಅದನ್ನ? ನಾಳೆ ಮೂರು ಸಂಸ್ಥೆಯ ದೊಡ್ಡವರು ಬರ್ತಿದ್ದಾರೆ. ನಿಮ್ಮ ಮನೆ ಮುಂದಿನ ತೀರ ಇದು. ಒಂದು ದಿನ, ಒಂದೇ ಒಂದು ದಿನ, ಯಾರಾದ್ರೂ ಸೊಂಟ ಬಗ್ಗಿಸಿ ಒಂದು ಎಳೆ ಎತ್ತಿದ್ದೀರಾ? ಮೂಗು ಮುಚ್ಕೊಳ್ಳೋಕೆ ಮಾತ್ರ ಕೈ ಇದೆ. ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?"

ಇಷ್ಟು ಬೈದು ಮನೆಗೆ ಬಂದವನೇ ಹೊಟ್ಟೆ ತಣ್ಣಗಾಗಿ ಗಡದ್ದಾಗಿ ನಿದ್ದೆ ಹೊಡೆದ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬಿಸಿಲು ಬಲಿಯುತ್ತಿದ್ದಂತೆ ನಡುಗಡಲಿನಿಂದ ಕಂದು ಬಣ್ಣದ ಪಾಚಿ ತೇಲಿಬಂದು ದಡದಲ್ಲಿ ಮಂಡಿಯೆತ್ತರ ಬಿದ್ದು ಕೊಳೆಯುತ್ತಿತ್ತು. ಅದನ್ನು ಏನು ಮಾಡುವುದೆಂದು ತಿಳಿಯಲು ಮೂರು ಸಂಸ್ಥೆಗಳು ಸೇರಿ ಜಂಟಿ ಸಂಶೋಧನೆ ಹೂಡಿದ್ದವು. ಒಂದು ಸಂಸ್ಥೆ ಪಾಚಿಯನ್ನು ಅಳೆಯುತ್ತಿತ್ತು. ಇನ್ನೊಂದು ಪಾಚಿ ಎತ್ತುವ ಯಂತ್ರ ಕಟ್ಟುತ್ತಿತ್ತು. ಮೂರನೆಯದು ಪಾಚಿಯ ಬಗ್ಗೆ ಜನರಿಗೆ ಏನನ್ನಿಸುತ್ತದೆ ಎಂದು ಕೇಳಿಕೊಂಡು ತಿರುಗುತ್ತಿತ್ತು. ಸಭೆಗಳಲ್ಲಿ ಅದಕ್ಕೆ ಬಾಗಿಲ ಪಕ್ಕದ ಕುರ್ಚಿ. ಈ ಮೂವರ ಪರವಾಗಿ ದಡದ ಆಫೀಸಿನಲ್ಲಿ ಕೂತು ವಾಸನೆ ಕುಡಿಯುವ ಕೆಲಸ ಮಾತ್ರ ಪಾಚಿರಾಯನದು.

ಕೊಳೆತ ಮೊಟ್ಟೆಯ ವಾಸನೆ ಅದು. ಆ ಗಾಳಿಗೆ ಹಿತ್ತಾಳೆ, ಬೆಳ್ಳಿ ಎಲ್ಲ ಮಸಿ ಬಳಿದಂತೆ ಕಪ್ಪಾಗುತ್ತಿದ್ದವು. ಎರಡು ಫ್ರಿಜ್ ಕೆಟ್ಟು ಕೂತಿದ್ದವು. ಹೆಂಡತಿಗೆ ತಲೆನೋವು ಹಾಸಿಗೆಗೂ ಜೊತೆಗೆ ಬರುತ್ತಿತ್ತು. "ನಿಮ್ಮ ವರ್ಗ ಆಗ್ಲಿಲ್ಲ ಅಂದ್ರೆ ಮುಂದಿನ ಬೇಸಿಗೆ ನಾನು ಇಲ್ಲಿರಲ್ಲ ರೀ, ನೀವು ಪಾಚಿ ಜೊತೆನೇ ಸಂಸಾರ ಮಾಡಿ" ಎಂದು ಅವಳು ಹೇಳಿಬಿಟ್ಟಿದ್ದಳು. ಜಂಟಿ ಸಂಶೋಧನೆಯ ನಿರ್ದೇಶಕರು ಮಾತು ಕೊಟ್ಟಿದ್ದರು: ಯಂತ್ರದ ಪ್ರದರ್ಶನ ಸರಿಯಾಗಿ ನಡೆದರೆ ಬೆಟ್ಟದ ಮೇಲಿನ ಮುಖ್ಯ ಕಚೇರಿಗೆ ವರ್ಗ, ಜೀಪಿನ ಬಾನೆಟ್ಟಿನ ಮೇಲೇ ಸಹಿ. ಆ ಮಾತು ನಂಬಿ ಹೆಂಡತಿ ಪಾತ್ರೆಪಡಗವನ್ನೆಲ್ಲ ಡಬ್ಬಗಳಿಗೆ ತುಂಬಿ ಹಗ್ಗ ಬಿಗಿದಿದ್ದಳು. ಕಿಟಕಿಯ ಪರದೆ ಕೂಡ ಇಳಿದಿತ್ತು.

ಬೆಳಿಗ್ಗೆ ಪಾಚಿರಾಯ ಹಲ್ಲುಜ್ಜುತ್ತ ಬಾಗಿಲು ತೆಗೆದ. ವಾಸನೆ ಇರಲಿಲ್ಲ. ಗಾಬರಿಯಾಗಿ ದಡಕ್ಕೆ ಓಡಿದ. ಮರಳು ತೊಳೆದಿಟ್ಟ ತಟ್ಟೆಯಂತೆ ಬೆಳ್ಳಗೆ ಮಿನುಗುತ್ತಿತ್ತು. ಪಾಚಿಯ ಒಂದು ಎಳೆ ಸಹ ಇಲ್ಲ. ನಡುವೆ ಮೇಷ್ಟ್ರು ಪೊರಕೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಟೈಲರಕ್ಕ ಖಾಲಿ ಬುಟ್ಟಿ ಕೊಡವುತ್ತಿದ್ದಳು.

"ಪಾಚಿ ಎಲ್ಲಿ?" ಬಾಯಿಂದ ಪೇಸ್ಟಿನ ನೊರೆ ಹಾರಿತು.

"ತೆಗೆದ್ವಿ!" ಮೇಷ್ಟ್ರು ಎದೆಯುಬ್ಬಿಸಿದರು. "ಇಡೀ ಬೀದಿ ಬೆಳಕು ಹರಿಯೋ ಮುಂಚೆ ಎದ್ದು ಬಂತು. ನಿಮ್ಮ ಮಾತು ಹಾಗೆ ನಾಟಿತ್ತು ನೋಡಿ. ಬರೋ ಅತಿಥಿಗಳು ಇನ್ನು ಮೂಗು ಮುಚ್ಕೊಳ್ಳೋ ಹಾಗಿಲ್ಲ."

"ಯಾರ್ರೀ ತೆಗೀರಿ ಅಂದಿದ್ದು?"

"ನೀವೇ."

"ಅತಿಥಿಗಳು ಬರ್ತಿರೋದೇ ಪಾಚಿ ಎತ್ತೋ ಯಂತ್ರ ನೋಡೋಕೆ! ಈಗ ಅದು ಏನನ್ನ ಎತ್ತುತ್ತೆ, ನಿಮ್ಮನ್ನಾ?"

ಮೇಷ್ಟ್ರ ಮುಖ ಸಣ್ಣದಾಯಿತು. ಆದರೆ ಅವರು ಮೇಷ್ಟ್ರು. ತಪ್ಪು ಒಪ್ಪಿಕೊಂಡ ಅಭ್ಯಾಸವಿರಲಿಲ್ಲ. "ಇದನ್ನ ನಿನ್ನೆ ಹೇಳಬೇಕಿತ್ತು. ಬೈಯೋವಾಗ ಪೂರ್ತಿ ವಿಷಯ ಹೇಳಿ ಬೈಯಬೇಕು" ಎಂದರು.

ಅಷ್ಟರಲ್ಲಿ ಜೇಬಿನೊಳಗೆ ಫೋನ್ ಕೂಗಿತು. ನಿರ್ದೇಶಕರು. "ಏನ್ರೀ, ಪಾಚಿ ಹೇಗಿದೆ? ಚೆನ್ನಾಗಿ ದಟ್ಟವಾಗಿ ಕಾಣಬೇಕು. ಯಂತ್ರ ಲಾರಿ ಹತ್ತಿದೆ, ಮಧ್ಯಾಹ್ನ ಅಲ್ಲಿರ್ತೀವಿ."

"ತುಂಬಾ... ಚೆನ್ನಾಗಿದೆ ಸಾರ್" ಎಂದ ಪಾಚಿರಾಯ, ಬೆಳ್ಳಗಿನ ಮರಳನ್ನು ಕೊಲ್ಲುವಂತೆ ನೋಡುತ್ತ.

ಪಾಚಿ ಬಹಳ ದೂರವೇನೂ ಹೋಗಿರಲಿಲ್ಲ. ಅರ್ಧದಷ್ಟು ಮನೆಮನೆಯ ಹಿತ್ತಲಿನ ಗಿಡಗಳ ಬುಡ ಸೇರಿತ್ತು. ಉಳಿದದ್ದು ಬೀದಿಯಾಚೆಯ ಹಳ್ಳ ತುಂಬಿಸಿ, ಮೇಲೆ ಮಣ್ಣೂ ಎಳೆಸಿಕೊಂಡಿತ್ತು. ಪಾಚಿರಾಯ ಮೊದಲು ಟೈಲರಕ್ಕನ ಬಾಗಿಲಿಗೆ ಹೋಗಿ, ಸಿಟ್ಟನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, "ಅಕ್ಕಾ, ಆ ಪಾಚಿ ವಾಪಸ್ ಬೇಕಿತ್ತು" ಎಂದ.

ಟೈಲರಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೇಸಿಗೆಯಿಡೀ ಥೂ ಅಂತಿದ್ದೆಯಲ್ಲಪ್ಪ? ಈಗ ಮನೆ ಬಾಗಿಲಿಗೆ ಬಂದು ಬೇಡ್ತೀಯ ಅಂದ್ರೆ ಅದರಲ್ಲಿ ಏನೋ ಇದೆ."

"ಏನೂ ಇಲ್ಲಕ್ಕ. ಬರೀ ಪಾಚಿ."

"ಬರೀ ಪಾಚಿಗೆ ಮೂರು ಸಂಸ್ಥೆ ಬೇಕಾ?"

ಈ ಪ್ರಶ್ನೆಗೆ ಉತ್ತರ ಪಾಚಿರಾಯನಿಗೆ ಕೆಲಸಕ್ಕೆ ಸೇರಿದಂದಿನಿಂದಲೂ ಗೊತ್ತಿರಲಿಲ್ಲ. ಅವನು ತಡವರಿಸಿದ್ದನ್ನು ನೋಡಿ ಅಕ್ಕ ಹಿತ್ತಲಿಗೆ ಬೀಗ ಹಾಕಿಕೊಂಡು ಬಂದಳು. ಸುದ್ದಿ ಅವನಿಗಿಂತ ಮೊದಲೇ ಮುಂದಿನ ಮನೆ ಮುಟ್ಟಿತ್ತು. ಅದರಿಂದ ಔಷಧಿ ಮಾಡುತ್ತಾರಂತೆ ಎಂದು ಒಬ್ಬರು, ಬೋಳು ತಲೆಯಲ್ಲಿ ಕೂದಲು ಬರುತ್ತದಂತೆ ಎಂದು ಇನ್ನೊಬ್ಬರು. ಮೂಗು ಮುಚ್ಚಿಕೊಂಡಿದ್ದ ಬೀದಿ ಈಗ ಬಾಗಿಲು ಮುಚ್ಚಿಕೊಂಡಿತು. ಮೇಷ್ಟ್ರಂತೂ ಕಿಟಕಿಯಿಂದಲೇ, "ನಮ್ಮ ಕೈಲಿ ಪುಕ್ಕಟೆ ಗುಡಿಸಿ, ಲಾಭ ನೀವು ಹೊಡೀತೀರಾ?" ಎಂದು ಕೂಗಿದರು.

"ನಿಮ್ಮ ತಲೇಲಿರೋದೂ ಅದೇ ಪಾಚಿ!" ಪಾಚಿರಾಯ ಬೀದಿಯ ನಡುವೆ ನಿಂತು ಕಿರುಚಿದ. ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎನ್ನುತ್ತಾರೆ. ಅವನು ಬುದ್ಧಿಯ ಜೊತೆ ಗುದ್ದಲಿಯನ್ನೂ ಕೊಟ್ಟು ಹಳ್ಳಕ್ಕೆ ಇಳಿದ.

ಹೆಂಡತಿ ಮೂಗಿಗೆ ಟವೆಲ್ ಬಿಗಿದುಕೊಂಡು ಸಹಾಯಕ್ಕೆ ಬಂದಳು. ಬೆಟ್ಟದ ಗಾಳಿಗೋಸ್ಕರ ಅವಳು ನರಕವನ್ನೇ ಬೇಕಾದರೂ ಅಗೆಯುತ್ತಿದ್ದಳು. ಇಬ್ಬರೂ ಅಗೆದು, ಹಳೇ ಬೆಡ್‌ಶೀಟುಗಳಲ್ಲಿ ಗಂಟು ಕಟ್ಟಿ, ತಳ್ಳುಗಾಡಿಗೆ ಹೇರಿ ದಡಕ್ಕೆ ಸಾಗಿಸಿದರು. ಗಾಡಿ ತಿರುವಿನಲ್ಲಿ ಒಮ್ಮೆ, ಇಳಿಜಾರಿನಲ್ಲಿ ಒಮ್ಮೆ ಮಗುಚಿತು. ಎರಡು ಸಲವೂ ಪಾಚಿರಾಯ ಅದರ ಕೆಳಗೇ ಇದ್ದ.

"ರೀ, ಇದರಲ್ಲಿ ಈರುಳ್ಳಿ ಸಿಪ್ಪೆ ಇದೆ. ಯಾರದೋ ಚಪ್ಪಲಿಯೂ ಇದೆ."

"ಇರಲಿ ಬಿಡೇ. ಸಮುದ್ರದಲ್ಲಿ ಏನು ಬೇಕಾದ್ರೂ ಸಿಗುತ್ತೆ."

ಅಳೆಯುವವರಿಗೆ ಅನುಮಾನ ಬಾರದ ಹಾಗೆ ಅವನು ಪಾಚಿಯನ್ನು ಅಲೆ ತಂದು ಬಿಟ್ಟಂತೆ ಅಂಕುಡೊಂಕಾಗಿ ಹರವಿ, ಮೇಲೆ ಬಕೆಟ್ಟಿನಿಂದ ಉಪ್ಪುನೀರು ಚಿಮುಕಿಸಿದ. ಹಾಸಿಗೆ ಹಾಸಿದ ಹಾಗೆ ಮೂಲೆಗಳನ್ನೂ ತಟ್ಟಿದ. ಹೆಂಡತಿ ಸ್ನಾನ ಮಾಡಿ ಹೊರಡಲು ಸಿದ್ಧವಾಗುತ್ತೇನೆಂದು ಮನೆಗೆ ಹೋದಳು. ದೂರದಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಇಡೀ ದಿನದಲ್ಲಿ ಮೊದಲ ಬಾರಿಗೆ ಅವನ ಮುಖ ಸಡಿಲವಾಯಿತು.

ಅದೇ ಹೊತ್ತಿಗೆ ಟೈಲರಕ್ಕ ಬಟ್ಟೆ ಒಣಹಾಕಲು ತಾರಸಿ ಹತ್ತಿದಳು.

"ಅಯ್ಯಯ್ಯೋ! ಎಲ್ಲರೂ ಬನ್ರೋ! ಪಾಚಿರಾಯ ದಡದ ತುಂಬ ಪಾಚಿ ಸುರೀತಿದ್ದಾನೆ!"

ಜೀಪಿನಿಂದ ದೊಡ್ಡವರು ಇಳಿಯುವುದಕ್ಕೂ ಬೀದಿ ದಡಕ್ಕೆ ಇಳಿಯುವುದಕ್ಕೂ ಸರಿಹೋಯಿತು. ಅತ್ತ ಲಾರಿಯಿಂದಿಳಿದ ಯಂತ್ರ ಎರಡು ಉರುಳು ಉರುಳಿ, ಮರಳಿನಲ್ಲಿ ಹೊಟ್ಟೆಯವರೆಗೆ ಹೂತು, ಹೊಗೆ ಬಿಟ್ಟು ಸುಮ್ಮನಾಯಿತು. ಇತ್ತ ಮೇಷ್ಟ್ರು ಮುಂದೆ, ಪೊರಕೆ ಬುಟ್ಟಿಗಳ ದಂಡು ಹಿಂದೆ.

"ನಾವು ಬೆನ್ನು ಮುರ್ಕೊಂಡು ಎತ್ತಿದ್ದನ್ನ ಮತ್ತೆ ತಂದು ಸುರೀತೀಯಾ? ನಮ್ಮನ್ನ ಏನಂದ್ಕೊಂಡಿದ್ದೀಯ?" ಮೇಷ್ಟ್ರಿಗೆ ಬಹುವಚನವೇ ಮರೆತುಹೋಗಿತ್ತು.

"ಮುಟ್ಟಬೇಡಿ! ಒಂದು ಎಳೆ ಮುಟ್ಟಿದ್ರೂ ನೋಡಿ!"

ಅವನು ಕಿರುಚಿದಷ್ಟೂ ಅವರ ಕೈ ಚುರುಕಾಯಿತು. ಅವನು ಒಬ್ಬರ ಬುಟ್ಟಿ ಕಿತ್ತುಕೊಂಡರೆ ಇನ್ನೊಬ್ಬರು ಬಾಚಿ ತುಂಬಿದರು. ಕೊನೆಗೆ ದಾರಿ ಕಾಣದೆ ಉಳಿದ ರಾಶಿಯ ಮೇಲೆ ಬೋರಲು ಬಿದ್ದು ಎರಡೂ ಕೈಯಲ್ಲಿ ತಬ್ಬಿಕೊಂಡ. ಟೈಲರಕ್ಕನ ಅಪ್ಪಣೆಯಂತೆ ನಾಲ್ವರು ಅವನನ್ನು ಕೈಕಾಲು ಹಿಡಿದೆತ್ತಿ, ಪಕ್ಕಕ್ಕಿಟ್ಟು, ಕೆಳಗಿನ ಪಾಚಿ ಒಯ್ದರು. ಯಂತ್ರದ ಎಂಜಿನಿಯರು ಎರಡನೇ ಬಾರಿ ಕೀಲಿ ತಿರುಗಿಸುವ ಹೊತ್ತಿಗೆ ದಡ ಮತ್ತೆ ತೊಳೆದಿಟ್ಟ ತಟ್ಟೆಯಾಗಿತ್ತು.

ನಿರ್ದೇಶಕರ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಬಾಗಿಲ ಪಕ್ಕದ ಕುರ್ಚಿಯ ಸಂಸ್ಥೆಯ ಪ್ರೊಫೆಸರಮ್ಮ ಚಪ್ಪಲಿ ಕಳಚಿ ಮರಳಲ್ಲಿ ಓಡುತ್ತ ಬಂದರು. "ಅದ್ಭುತ! ಇದನ್ನ ಹೇಗೆ ಸಾಧಿಸಿದ್ರಿ?"

"ಏನು ಸಾಧನೆ ಮೇಡಂ? ಎಲ್ಲಾ ಹಾಳಾಗಿ ಹೋಯ್ತು!" ಪಾಚಿರಾಯನಿಗೆ ಇನ್ನು ಮುಚ್ಚಿಡುವುದಕ್ಕೂ ಸಿಟ್ಟು. "ನಿನ್ನೆ ಬೈದೆ, ಎತ್ತಿದ್ರು. ಇವತ್ತು ತಂದು ಸುರಿದೆ, ಉರ್ಕೊಂಡು ಬಂದು ಮತ್ತೆ ಎತ್ತಿದ್ರು. ಅಷ್ಟೇ!"

"ಎರಡು ಸಲವೂ?"

"ಎರಡು ಸಲವೂ!"

ಪ್ರೊಫೆಸರಮ್ಮ ಉಳಿದವರನ್ನು ಜೀಪಿನ ಹಿಂದಕ್ಕೆ ಕರೆದೊಯ್ದರು. ಮೂರು ಸಂಸ್ಥೆಗಳು ಯಾವ ವಿಷಯದಲ್ಲೂ ಒಂದಾದದ್ದನ್ನು ಪಾಚಿರಾಯ ನೋಡಿರಲಿಲ್ಲ. ಈಗ ಮೂರು ತಲೆಗಳು ಒಟ್ಟಿಗೇ ಅಲ್ಲಾಡಿದವು. ನಿರ್ದೇಶಕರು ನಗುತ್ತ ಬಂದು ಬಾನೆಟ್ಟಿನ ಮೇಲೆ ಪೆನ್ನು ಇಟ್ಟರು. ಪಾಚಿರಾಯನ ಕಣ್ಣಿಗೆ ಬೆಟ್ಟ ಕಂಡಿತು.

"ಯಂತ್ರ ವಾಪಸ್ ಹೋಗುತ್ತೆ. ನೀವು ಇಲ್ಲೇ ಇರ್ತೀರಿ" ಎಂದರು ನಿರ್ದೇಶಕರು. "ಯಂತ್ರಕ್ಕೆ ಡೀಸೆಲ್ ಬೇಕು, ಸಿಟ್ಟಿಗೆ ಏನೂ ಬೇಡ. ಈ ತೀರ ಮುಗಿಸಿ ಪಕ್ಕದ ತೀರ, ಆಮೇಲೆ ಅದರ ಪಕ್ಕದ್ದು. ಜನಕ್ಕೆ ಸಿಟ್ಟು ಬರಿಸೋದೇ ನಿಮ್ಮ ಕೆಲಸ. ನಿಮ್ಮಂಥವರನ್ನ ಬೆಟ್ಟದ ಮೇಲೆ ಕೂರಿಸಿದ್ರೆ ಸಂಶೋಧನೆಗೆ ನಷ್ಟ ಅಲ್ವೇನ್ರೀ?"

"ಸಾರ್, ನೀವೇನು ಮನುಷ್ಯರಾ? ಮಾತು ಕೊಟ್ಟಿದ್ರಿ! ನನ್ನ ಸಂಸಾರ ಹಾಳು ಮಾಡ್ತೀರಾ? ನಿಮ್ಮ ಸಂಶೋಧನೆಗೆ ಬೆಂಕಿ ಬೀಳ!"

"ಕೇಳಿ, ಕೇಳಿ!" ನಿರ್ದೇಶಕರು ಆನಂದದಿಂದ ಪ್ರೊಫೆಸರಮ್ಮನ ಕಡೆ ತಿರುಗಿದರು. "ಈ ದನಿ ಬೇರೆ ಯಾರಿಗಿದೆ ಹೇಳಿ?" ಎನ್ನುತ್ತಲೇ ಸಹಿ ಹಾಕಿದರು.

ಮನೆಗೆ ಹೋಗುವ ದಾರಿಯಲ್ಲಿ ಮೇಷ್ಟ್ರು ಜಗಲಿಯಿಂದ ಕೂಗಿದರು. ವಿಷಯ ಆಗಲೇ ಬೀದಿ ಸುತ್ತಿತ್ತು. "ಸ್ವಾಮಿ, ನಾಳೆ ಎಷ್ಟು ಹೊತ್ತಿಗೆ ಬೈತೀರಿ? ಸ್ವಲ್ಪ ಬಿಸಿಲೇರೋ ಮುಂಚೆ ಇಟ್ಕೊಳ್ಳಿ."

ಹೆಂಡತಿ ಹೊಸ ಬಟ್ಟೆ ತೊಟ್ಟು, ಹಗ್ಗ ಬಿಗಿದ ಡಬ್ಬದ ಮೇಲೆ ಕೂತಿದ್ದಳು. ಪಾಚಿರಾಯ ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದ. ಅವಳು ಎದ್ದಳು. ಹಗ್ಗಗಳು ಹರಿದವು. ತಪ್ಪಲೆಗಳು ಗೂಡಿಗೆ, ಸೌಟುಗಳು ಮೊಳೆಗೆ, ಡಬ್ಬಿಗಳು ಅಟ್ಟಕ್ಕೆ ಢಣಾರೆಂದು ಹೋಗಿ ಕೂತವು. ಪರದೆ ಕಿಟಕಿಗೇರಿತು. ನೆಲ ಗುಡಿಸಿ, ಒರೆಸಿ, ಚಾಪೆ ಕೊಡವಿಯೂ ಆಯಿತು. ಅವನು ಅಂಗಳದಲ್ಲಿ ಕಾಲಿನ ಮರಳು ತೊಳೆದು ಒಳಗೆ ಬರುವಷ್ಟರಲ್ಲಿ, ವಾರವಿಡೀ ಕಟ್ಟಿದ್ದ ಮನೆ ಮೊದಲಿಗಿಂತ ಒಪ್ಪವಾಗಿ ಬಿಚ್ಚಿಕೊಂಡು ನಿಂತಿತ್ತು.

ಪಾಚಿರಾಯ ಗೋಡೆಗೊರಗಿ ಸುತ್ತಲೂ ಕಣ್ಣಾಡಿಸಿದ. ಮೂರನೇ ಸಲವೂ ಸಿಟ್ಟಿನ ಪ್ರಯೋಗ ಕೈಕೊಟ್ಟಿರಲಿಲ್ಲ. ಮೂಲೆಯಲ್ಲಿ ಅವನ ಹಾಸಿಗೆಯೊಂದನ್ನು ಮಾತ್ರ ಅವಳು ಬಿಡಿಸಿರಲಿಲ್ಲ. ಅದನ್ನು ಎತ್ತಿ ದಡದ ಕಡೆಯ ಬಾಗಿಲಿನಿಂದ ಆಚೆ ಎಸೆದು ಅಗಳಿ ಹಾಕಿದಳು.