ಕಡಲ ಮುಂದೆ ಕೂಗಿದ ಹೆಸರು

ನಮ್ಮ ಕಡೆಯ ಹೆಂಗಸರಿಗೆ ಗಂಡನ ಹೆಸರು ಗೊತ್ತಿರುತ್ತದೆ. ಆದರೆ ಅದು ದಿನಬಳಕೆಯ ವಸ್ತುವಲ್ಲ, ಕಪಾಟಿನ ಮೇಲಿನ ಬೆಳ್ಳಿ ತಾಟಿನ ಹಾಗೆ ಇದ್ದಲ್ಲೇ ಇರುತ್ತದೆ. ಮದುವೆ, ಕುಬುಸಗಳಲ್ಲಿ ನಾಲ್ಕು ಜನ ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳಿ ಒಳಗ ಬಾರಬೇ" ಎಂದು ಕಾಡಿದಾಗ ಮಾತ್ರ ಒಡಪು ಹೇಳುತ್ತೇವೆ. ಪ್ರಾಸ ಕೂಡಿಸಿದ ಎರಡು ಸಾಲು ಕಟ್ಟಿ, ಬೆಲ್ಲದೊಳಗೆ ಗುಳಿಗೆ ಇಟ್ಟಂತೆ ಅದರೊಳಗೆ ಹೆಸರಿಟ್ಟು, ನಾಚಿ ಮುಗಿಸಿಬಿಡುತ್ತೇವೆ. ಮಿಕ್ಕ ದಿನಗಳಿಗೆ "ರೀ" ಇದೆ. ಈ ಒಂದಕ್ಷರದ ಮೇಲೆ ನಾನು ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ. ಮೊಟಕಾಗಿ ಅಂದರೆ ಚಹಾ ಆಗಿದೆ, ಎಳೆದು ಅಂದರೆ ಸಿಲಿಂಡರ್ ತೀರಿದೆ, ಎರಡು ಸಲ ಅಂದರೆ ತವರಿನಿಂದ ಯಾರೋ ಬಂದಿದ್ದಾರೆ. ಬ್ಯಾಂಕಿನವರು ಗಂಡನ ಹೆಸರು ಕೇಳಿದರೆ ಆಧಾರ್ ಕಾರ್ಡನ್ನೇ ಮುಂದೆ ಸರಿಸುತ್ತೇನೆ. ಇದರಿಂದ ಯಾವ ಅಡಚಣೆಯೂ ಆಗಿರಲಿಲ್ಲ, ನಾವು ಸಮುದ್ರಕ್ಕೆ ಹೋಗುವವರೆಗೆ.

ನಮ್ಮವರಿಗೆ ಹಾರೂಗೇರಿಯಲ್ಲಿ ಟ್ರ್ಯಾಕ್ಟರು, ಟೆಂಪೋಗಳಿಗೆ ಸೀಟು ಹೊಲಿಯುವ ಅಂಗಡಿ. ಊರವರು ಕೂರುವುದಕ್ಕೆಲ್ಲ ಹೊಲಿದು ಹೊಲಿದು, ತಾವೂ ಒಮ್ಮೆ ಆರಾಮವಾಗಿ ಕೂತು ಎಲ್ಲಿಗಾದರೂ ಹೋಗಬೇಕು ಅನಿಸಿತಂತೆ. ಶಾಲೆಯ ಮಕ್ಕಳನ್ನು ಹೊತ್ತು ಸುಸ್ತಾಗಿದ್ದ ಒಂದು ಹಳೆ ಟೆಂಪೋ ತಂದು ಅಂಗಡಿಯ ಹಿಂದೆ ನಿಲ್ಲಿಸಿಕೊಂಡರು. ಮಡಚಿದರೆ ಸೀಟು, ಬಿಚ್ಚಿದರೆ ಹಾಸಿಗೆ, ಮೂಲೆಯಲ್ಲೊಂದು ಒಲೆ, ಕಿಟಕಿಗೆ ಟ್ರ್ಯಾಕ್ಟರ್ ಸೀಟಿನಲ್ಲಿ ಉಳಿದ ಕೆಂಪು ರೆಕ್ಸಿನ್ನಿನ ಪರದೆ. "ಇದಕ್ಕ ಕ್ಯಾಂಪರ್ ಅಂತಾರ. ನಾವಿಬ್ಬರೂ ಇದರಾಗ ಸಮುದ್ರದ ದಂಡಿಗುಂಟ ಹೋಗೂಣು" ಎಂದರು. ನಾನು ಹೆಮ್ಮೆಯಿಂದ ಓಣಿಗೆ ಸುದ್ದಿ ಹಂಚಿದೆ. ಪಕ್ಕದ ಮನೆಯ ಶಾಂತಕ್ಕ ಗಲ್ಲದ ಮೇಲೆ ಕೈ ಇಟ್ಟಳು. "ಅಯ್ಯ ನಮ್ಮವ್ವ, ಕ್ಯಾಂಪರದಾಗ ಲಗ್ನಕ್ಕ ತಂಪ ನೀರ ತರಸ್ತಾರ. ನೀವಿಬ್ಬರು ಅದರಾಗ ಹೆಂಗ ಕುಂದರ್ತೀರಿ?"

ಕುಳಿತೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರದ ಡಬ್ಬಿ ಕಟ್ಟಿಕೊಂಡು ಚಿಕ್ಕೋಡಿ, ನಿಪ್ಪಾಣಿ ದಾಟಿ, ಆಂಬೋಲಿ ಘಟ್ಟ ಇಳಿದು ಮಹಾರಾಷ್ಟ್ರದ ಕಡಲ ದಂಡೆಯ ವೆಂಗುರ್ಲೆ ಸೇರಿದೆವು. ಅಲ್ಲಿ ಮೊದಲ ದಿನವೇ ಸಮುದ್ರ ನಮಗೆ ಪಾಠ ಕಲಿಸಿತು. ಗಾಡಿಯಾದರೂ ಒಳಗೆ ಒಲೆ ಇದೆ, ಅಂದಮೇಲೆ ಮನೆ ತಾನೇ? ಇಬ್ಬರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಮಲಗಿದೆವು. ಬೆಳಗಾದಾಗ ಭರತದ ನೀರು ಗಾಲಿಯ ತನಕ ಬಂದು ಹೋಗಿತ್ತು, ಚಪ್ಪಲಿಯನ್ನೂ ಕರೆದುಕೊಂಡು ಹೋಗಿತ್ತು. "ಅಥಣಿ ಚಪ್ಪಲಿ ಅಂದ್ರ ಸಮುದ್ರಕ್ಕೂ ಆಸೆ ನೋಡು" ಎಂದು ಇವರು ನಕ್ಕರು. ಬರಿಗಾಲಲ್ಲೇ ಮಾಲವಣದ ಕಡೆ ಹೊರಟೆವು.

ಅಲ್ಲಿ ಇವರು ತಮ್ಮ ನಿಜವಾದ ಆಸೆಯನ್ನು ಹೊರಗೆ ತೆಗೆದರು. ಹಲಗೆಯ ಮೇಲೆ ನಿಂತು, ಅದಕ್ಕೆ ಸಿಕ್ಕಿಸಿದ ಹಾಯಿಯನ್ನು ಹಿಡಿದು, ಗಾಳಿಯ ಜೊತೆ ನೀರಿನ ಮೇಲೆ ಹೋಗುವ ಆಟ, ವಿಂಡ್‌ಸರ್ಫಿಂಗ್. ಎಷ್ಟೋ ದಿನದಿಂದ ಮೊಬೈಲಿನಲ್ಲಿ ನೋಡುತ್ತಿದ್ದರಂತೆ. ನಾನು ಹವಾಮಾನ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. "ಜೀವನಾನ ಕುಂತ ಕಳದೇನಿ. ಒಮ್ಮೆ ನಿಂದರಬೇಕು, ನೀ ನೋಡಬೇಕು, ಅಷ್ಟ" ಎಂದರು. ಇಷ್ಟು ಸಣ್ಣ ಬೇಡಿಕೆಗೆ ಬೇಡ ಅನ್ನುವುದು ಹೇಗೆ? ಕಲಿಸುವವಳು ಮಾಲವಣದ ಗಟ್ಟಿಗಿತ್ತಿ. ಜಾಕೀಟು ತೊಡಿಸಿ, ಸೊಂಟದಷ್ಟು ನೀರಿನಲ್ಲಿ ಹಲಗೆ ಹತ್ತಿಸಿದಳು. ಇವರು ಬಿದ್ದರು. ಹತ್ತಿದರು, ಬಿದ್ದರು. ನನಗೆ ನೋಡಲಾಗದೆ ದಂಡೆಯಲ್ಲಿ ಕೂತು ರೊಟ್ಟಿಯ ಡಬ್ಬಿಗೆ ಹೊಕ್ಕ ಉಸುಕು ಜಾಡಿಸತೊಡಗಿದೆ.

ತಲೆ ಎತ್ತಿದಾಗ ಗಾಳಿ ತಿರುಗಿತ್ತು. ಇವರು ದೂರದಲ್ಲಿದ್ದರು, ಇನ್ನೂ ದೂರ ಹೋಗುತ್ತಿದ್ದರು. ಕಲಿಸುವವಳು ದೋಣಿಯ ಕಡೆ ಓಡುತ್ತ "ಕಾಕಾ, ಶೀಡ ಸೋಡಾ!" ಎಂದು ಕೂಗುತ್ತಿದ್ದಳು. ಹಾಯಿ ಬಿಡಿ ಅನ್ನುತ್ತಿದ್ದಾಳೆ, ಅದನ್ನು ಕೈಬಿಟ್ಟರೆ ಹಲಗೆ ನಿಲ್ಲುತ್ತದೆ. ಆದರೆ ನಮ್ಮವರಿಗೆ ತಾವು ಕಾಕಾ ಆಗಿರುವುದು ಇನ್ನೂ ಗೊತ್ತಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು ತಿರುಗಿಯೂ ನೋಡಲಿಲ್ಲ. ನಾನು ಎದ್ದು, ಇಪ್ಪತ್ತಾರು ವರ್ಷದ ಬಲ ಹಾಕಿ "ರೀ..." ಎಂದೆ. ದಂಡೆಯಲ್ಲಿದ್ದ ನಾಲ್ಕು ಜನ ಕನ್ನಡದ ಗಂಡಂದಿರು ಬೆಚ್ಚಿ ನನ್ನತ್ತ ತಿರುಗಿದರು. ಸಮುದ್ರದಲ್ಲಿದ್ದವರು ತಿರುಗಲಿಲ್ಲ.

"ಕಾಕೂ, ನಾವ ಘೇಊನ ಹಾಕ ಮಾರಾ!" ಎಂದಳು ಆಕೆ. ಹೆಸರು ಹಿಡಿದು ಕರೆಯಬೇಕಂತೆ. ಬಾಯಿ ತೆರೆದೆ. ನಾಲಿಗೆ ತಾನಾಗಿ ರೂಢಿಯ ದಾರಿ ಹಿಡಿಯಿತು. "ನೀಲಿ ನೀರಿಗಿ ಬಿಳಿ ನೊರಿ ಚಂದ, ದೂರ ಹೊಂಟವರು ತಿರುಗಿದರ ಚಂದ..."

"ಗಾಣಂ ನಕೋ ಕಾಕೂ! ನಾವ, ನಾವ!"

ಹಾಡು ಬೇಡ, ಹೆಸರು. ಹಾಯಿ ಒಂದು ಕರವಸ್ತ್ರದಷ್ಟಾಗಿತ್ತು. ಪ್ರಾಸ ಅಲ್ಲೇ ಬಿಟ್ಟು, ಕಣ್ಣು ಮುಚ್ಚಿ, ಹೆಸರನ್ನು ಬರಿಯ ಹೆಸರಾಗಿಯೇ ಕೂಗಿಬಿಟ್ಟೆ. ಕೊನೆಗೆ "ಅವರು" ಇಲ್ಲ, "ರೀ" ಕೂಡ ಇಲ್ಲ. ಕಣ್ಣು ತೆರೆದಾಗ ಅವರು ತಿರುಗಿದ್ದರು. ಹಾಗೆ ಕರೆಯುತ್ತಿದ್ದವರು ತೀರಿಹೋದ ನಮ್ಮ ಅತ್ತೆಯೊಬ್ಬರೇ. ಇವರ ಎರಡೂ ಕೈ ಸಡಿಲವಾದವು, ಹಾಯಿ ಮಲಗಿತು, ಇವರೂ ಮಲಗಿದರು. ದೋಣಿ ಹೋಗಿ ಎತ್ತಿಕೊಂಡು ಬಂತು.

ಟಾವೆಲ್ ಸುತ್ತಿಕೊಂಡು, ಹಲ್ಲು ಕಟಕಟ ಮಾಡುತ್ತ ಕೇಳಿದ ಮೊದಲ ಮಾತು, "ನಿಂತಿದ್ದೆ. ನೋಡಿದಿಲ್ಲೋ?"

ನಾನು ದೂರವನ್ನು ನೋಡಿದ್ದೆ, ಗಾಳಿಯನ್ನು ನೋಡಿದ್ದೆ. ಬೀಳದೆ ಅಷ್ಟು ದೂರ ಹೋದವರು ನಿಂತೇ ಹೋಗಿರಬೇಕೆಂಬುದು ಹೊಳೆದೇ ಇರಲಿಲ್ಲ. "ಇಲ್ಲರೀ" ಎಂದೆ. ಕಣ್ಣಲ್ಲಿ ನೀರು ಬಂತು. ಅವರು ಟಾವೆಲ್ಲಿನ ತುದಿಯನ್ನು ನನ್ನತ್ತ ಚಾಚಿದರು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ನಿಂದ್ರೂದು ನಾಳೇನೂ ಆಕ್ಕೈತಿ. ಈಗ ಹೆಂಗ ಕರದಿ, ಇನ್ನೊಮ್ಮೆ ಕರಿ ನೋಡೂಣು" ಎಂದರು.

"ಮೊದಲ ಚಾ ಕುಡೀರಿ" ಎಂದೆ.

ಮರುದಿನ ನಿಂತರು, ಅದನ್ನು ರೆಪ್ಪೆ ಬಡಿಯದೆ ನೋಡಿದೆ. ಊರಿಗೆ ಮರಳಿದ ಮೇಲೆ ನಮ್ಮ ಮನೆಯಲ್ಲಿ ಕಿವಿಯ ತೊಂದರೆ ಶುರುವಾಗಿದೆ. "ರೀ" ಎಂದರೆ ಇವರಿಗೆ ಕೇಳಿಸುವುದಿಲ್ಲ. ಚಹಾ ಆರುತ್ತದೆ, ಸಿಲಿಂಡರ್ ತೀರುತ್ತದೆ, ಇವರು ಪೇಪರಿನ ಹಿಂದೆ ಮುಗುಳ್ನಗುತ್ತ ಕಾಯುತ್ತಾರೆ. ಬಾಯಲ್ಲಿ ಬರದಿದ್ದರೇನಂತೆ, ಬರೆದಾದರೂ ತೋರಿಸೋಣವೆಂದು ಇದನ್ನು ಬರೆಯಲು ಕುಳಿತೆ. ಹೆಸರಿನ ಮೊದಲ ಅಕ್ಷರ ಬರೆದೆ. ಯಾಕೋ ಬಾಗಿಲ ಕಡೆ ನೋಡಿದೆ. ಹೊಡೆದುಹಾಕಿ "ನಮ್ಮವರು" ಎಂದು ಬರೆದೆ. ನಿಮಗೆ ಅವರ ಹೆಸರು ಬೇಕೇ ಬೇಕಾದರೆ ದಯವಿಟ್ಟು ಮಾಲವಣದಲ್ಲಿ ವಿಚಾರಿಸಿಕೊಳ್ಳಿ. ಆ ದಂಡೆಯಲ್ಲಿ ಎಲ್ಲರಿಗೂ ಗೊತ್ತು.