ಮಹಾರಾಷ್ಟ್ರದೊಳಗೆ ಮಾತ್ರ

ದೇವದಾಸನ ರಿವಾಲ್ವರಿನ ಪರವಾನಿಗೆಯ ಮೂಲೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ಮಹಾರಾಷ್ಟ್ರದೊಳಗೆ ಮಾತ್ರ. ಬೊಂಬಾಯಿಯ ಚಿನ್ನದಂಗಡಿಯ ಬಾಗಿಲಲ್ಲಿ ಹದಿನೆಂಟು ವರ್ಷ ಕಾವಲು ನಿಂತು, ಗಂಟುಮೂಟೆ ಸಮೇತ ತನ್ನೂರು ಮಟ್ಟುವಿಗೆ ಮರಳಿದ ಮೇಲೆಯೇ ಅದು ಅವನ ಕಣ್ಣಿಗೆ ಬಿದ್ದದ್ದು.

ಮಣಿಪಾಲದ ಒಂದು ಫೈನಾನ್ಸಿನವರಿಗೆ ಸ್ವಂತ ಆಯುಧವಿರುವ ಕಾವಲುಗಾರ ಬೇಕಾಗಿತ್ತು. ದೇವದಾಸನನ್ನು ಅವರು ಒಪ್ಪಿಯೂ ಆಗಿತ್ತು. ಆದರೆ ರಿವಾಲ್ವರನ್ನು ಕರ್ನಾಟಕದಲ್ಲಿ ದಾಖಲಿಸಲು ಅಡ್ಡಿಯಿಲ್ಲವೆಂಬ ಠಾಣೆಯ ಪತ್ರವನ್ನು ಇವತ್ತು ಸಂಜೆ ಐದರೊಳಗೆ ತರಬೇಕು. ತಪ್ಪಿದರೆ ಕೆಲಸ ಬೇರೆಯವರಿಗೆ. ಠಾಣೆಯವರಿಗೋ, ಈತ ಸಭ್ಯನೆಂದು ಊರಿನ ಇಬ್ಬರ ಸಹಿ ಬೇಕು.

ಬೆಳಗಾಗುತ್ತಲೇ ಅವನು ರಿವಾಲ್ವರಿನ ಚೀಲ ಹಿಡಿದು ನೆರೆಮನೆಯ ಭೋಜಣ್ಣನ ಗದ್ದೆಗೆ ಹೋದ. ಭೋಜ ಗುಳ್ಳ ಬದನೆಯ ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

“ಸಭ್ಯ ಅಂತ ಹೇಗೆ ಬರೆಯುವುದು ಮಾರಾಯ? ಬೊಂಬಾಯಿಯಲ್ಲಿ ನೀನು ಎಂತ ಮಾಡ್ತಿದ್ದಿ ಅಂತ ನಾನು ನೋಡಿದ್ದೇನಾ?”

“ಕಾವಲು ಭೋಜಣ್ಣ. ಅಂಗಡಿಯ ಸೇಟಿಗೆ ನನ್ನ ಮೇಲೆ ಎಷ್ಟು ವಿಶ್ವಾಸ ಅಂದ್ರೆ, ಈ ರಿವಾಲ್ವರ್ ಅವರೇ ತೆಗೆಸಿಕೊಟ್ಟದ್ದು.”

“ಅಷ್ಟು ವಿಶ್ವಾಸ ಇದ್ದರೆ ಊರಿಗೆ ಯಾಕೆ ಬಂದದ್ದು?”

ಬೇಲಿಯಾಚೆಯಿಂದ ವನಜಾಕ್ಷಿ ಟೀಚರ್ ಕತ್ತು ಚಾಚಿದರು. “ಅದರಲ್ಲಿ ಗುಂಡು ಉಂಟಾ?”

“ಇಲ್ಲ ಟೀಚರ್.”

“ಇಲ್ಲ ಅಂತಲೇ ಎಲ್ಲರೂ ಹೇಳುವುದು. ತೋರಿಸು ನೋಡುವ. ಆದರೆ ಚೀಲದಿಂದ ಹೊರಗೆ ತೆಗೆಯಬೇಡ!”

ಹನ್ನೊಂದು ಗಂಟೆಯವರೆಗೆ ಬೇಡಿಕೊಂಡ ಮೇಲೆ ಟೀಚರ್ ಬರೆದರು: ‘ಈತನನ್ನು ಚಿಕ್ಕಂದಿನಿಂದ ಬಲ್ಲೆನು, ನಡುವಿನ ಹದಿನೆಂಟು ವರ್ಷಗಳನ್ನು ಬಿಟ್ಟು.’ ಭೋಜನೂ ಅದರ ಕೆಳಗೆ ಸಹಿ ಹಾಕಿದ. ಹಾಕಿದವನು ಅಂಗಿ ತೊಟ್ಟು ದೇವದಾಸನ ಜೊತೆಗೇ ಹೊರಟುಬಿಟ್ಟ. ಇವನು ಹೋಗುವುದು ಠಾಣೆಗೆ ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಬೇಕಲ್ಲ.

ಬಸ್ಸಿನಲ್ಲಿ ಯಾರೂ ಗಾಬರಿಯಾಗದಿರಲೆಂದು ಹೆಂಡತಿ ಸುಗಂಧಿ ರಿವಾಲ್ವರಿನ ಮೇಲೆ ನಾಲ್ಕು ಸೇರು ಗುಳ್ಳ ತುಂಬಿಸಿ ಕಳಿಸಿದಳು. ಠಾಣೆಯಲ್ಲಿ ಚೀಲ ಕಂಡ ಇನ್ಸ್‌ಪೆಕ್ಟರರ ಹುಬ್ಬು ಮೇಲೇರಿತು.

“ಇದೆಂತ? ಲಂಚವಾ?”

“ಅಲ್ಲ ಸಾರ್, ಬರೀ ಗುಳ್ಳ. ಅಡಿಯಲ್ಲಿ ರಿವಾಲ್ವರ್ ಉಂಟು.”

ಬೆಂಚಿನಲ್ಲಿ ತೂಕಡಿಸುತ್ತಿದ್ದ ಇಬ್ಬರು ಪೊಲೀಸರು ಚೇಳು ಕುಟುಕಿದವರಂತೆ ಎದ್ದು ನಿಂತರು. ಅವರು ಗುಳ್ಳಗಳನ್ನು ಒಂದೊಂದಾಗಿ ಹೊರಗಿಟ್ಟು, ಎಲ್ಲಿಂದ, ಯಾಕೆ, ಯಾರಿಗೆ ಎಂದು ವಿಚಾರಿಸಿ ಮುಗಿಸುವಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಸದ್ಯ, ಪರವಾನಿಗೆ ಸರಿಯಿತ್ತು, ಸಹಿಗಳೂ ನಡೆದವು. ಇನ್ನು ಆಯುಧ ಸುಸ್ಥಿತಿಯಲ್ಲಿದೆಯೆಂದು ಬರೆದರೆ ಮುಗಿಯಿತು. ಹೆಡ್ ಕಾನ್‌ಸ್ಟೇಬಲ್ ಜೋಕಿಮ್ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿದರು.

“ಇದರಲ್ಲಿ ಎಷ್ಟು ಗುಂಡು ಹೊಡೆದಿದ್ದೀರಿ?”

“ಒಂದೂ ಇಲ್ಲ. ಸಂದರ್ಭವೇ ಬರಲಿಲ್ಲ.”

“ಬಾರದ್ದೇ ಪುಣ್ಯ. ಗುಂಡಿಗೆ ಬಡಿಯುವ ಮೊಳೆಯೇ ಇದರಲ್ಲಿ ಇಲ್ಲ. ಯಾರೋ ಬೇಕೆಂದೇ ಅರದಲ್ಲಿ ತೇದು ತೆಗೆದಿದ್ದಾರೆ. ತೇದದ್ದೂ ಇವತ್ತು ನಿನ್ನೆ ಅಲ್ಲ. ನಿಮ್ಮ ಕೈಗೆ ಬರುವ ಮೊದಲು ಯಾರ ಹತ್ತಿರ ಇತ್ತು?”

“ಸೇಟಿನ ಹತ್ತಿರ,” ಎಂದ ದೇವದಾಸ. ಇನ್ಸ್‌ಪೆಕ್ಟರರು ಪೆನ್ನಿನ ಮುಚ್ಚಳ ಹಾಕಿದರು. ಗುಂಡು ಹಾರದ ರಿವಾಲ್ವರಿಗೆ ಯಾವ ಪತ್ರ?

ಮರಳುವ ಬಸ್ಸಿನಲ್ಲಿ ಗುಳ್ಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದೇವದಾಸ ಬಲವಂತದ ನಗು ತಂದುಕೊಂಡ.

“ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು ಭೋಜಣ್ಣ. ಇನ್ನು ನೀವು ಯಾರೂ ನನಗೆ ಹೆದರಬೇಕಾಗಿಲ್ಲ ಅಲ್ವಾ?”

ಭೋಜ ಚೀಲದಿಂದ ಸ್ವಲ್ಪ ದೂರ ಸರಿದ. “ಹಗಲೂ ರಾತ್ರಿ ನಿನ್ನನ್ನು ಹತ್ತಿರದಿಂದ ಕಂಡ ಸೇಟಿಗೇ ನಿನ್ನ ಕೈಯಲ್ಲಿ ಗುಂಡು ಹಾರುವ ರಿವಾಲ್ವರ್ ಕೊಡಲು ಧೈರ್ಯ ಬರಲಿಲ್ಲ. ಸುಮ್ಮನೆ ಯಾರಾದರೂ ಮೊಳೆ ತೆಗೀತಾರಾ ಮಾರಾಯ?” ಎಂದವನು ಸೀಟಿನಿಂದೆದ್ದು, ಬಸ್ಸಿನ ಬಾಗಿಲ ಬಳಿ ಹೋಗಿ ನಿಂತ.