ನಾನು ತಿಂದ ಗಿಡದ ಹೆಸರು

ಬೆರಕೆ ಸೊಪ್ಪಿನ ಸಾರು ಮಾಡುವ ದಿನ ನಮ್ಮ ಮನೆಯ ಅಡುಗೆಮನೆಗೆ ನನಗೆ ಪ್ರವೇಶವಿಲ್ಲ. ಇದು ನನ್ನ ಹೆಂಡತಿ ಮಾಡಿರುವ ಕಾನೂನು, ನ್ಯಾಯವಾದ ಕಾನೂನೇ. ಮನುಷ್ಯ ಎಂದಮೇಲೆ ಒಂದಲ್ಲ ಒಂದು ಚಟ ಇರುತ್ತದೆ. ಚಾಮರಾಜನಗರದ ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಿಗೆ ನಶ್ಯ, ಡ್ರಿಲ್ ಮೇಷ್ಟ್ರಿಗೆ ಇಸ್ಪೀಟು. ನನಗೆ ಸೊಪ್ಪು ಸೋಸುವ ಚಟ. ಸಂತೆಮರಹಳ್ಳಿ ಕಡೆಯಿಂದ ಸೊಪ್ಪಿನವಳು ಬಂದು ಬೀದಿಯಲ್ಲಿ ಕೂಗಿದರೆ ಸಾಕು, ಓದುತ್ತಿದ್ದ ಪೇಪರು ಬಿಸಾಕಿ ಓಡುತ್ತೇನೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಹತ್ತಾರು ಬಗೆಯ ಸೊಪ್ಪು ಅವಳ ಮಡಿಲಲ್ಲಿ ಒಟ್ಟಿಗೇ ಇರುತ್ತದೆ. ಅಣ್ಣೆ, ಗೋಣಿ, ಕನ್ನೆ, ಹೊನಗೊನ್ನೆ, ಗಣಿಕೆ. ನಾನು ಒಂದೊಂದೇ ಎಲೆ ಎತ್ತಿ, ಬೆಳಕಿಗೆ ಹಿಡಿದು, ಬೆನ್ನು ತಿರುಗಿಸಿ ನೋಡಿ, ಪಕ್ಕಕ್ಕಿಡುತ್ತೇನೆ. "ಹತ್ತೂವರೆಗೆ ಸ್ಕೂಲು. ಹತ್ತು ಗಂಟೆಯವರೆಗೆ ನೀವು ಹೀಗೆ ಸೊಪ್ಪಿನ ಜಾತಕ ನೋಡ್ತಾ ಕೂತ್ರೆ ನಾನು ಬೇಯಿಸೋದು ಯಾವಾಗ? ಇದ್ರಲ್ಲಿ ಏನು ಉಂಗುರ ಕಳ್ಕೊಂಡಿದೀರಾ?" ಎನ್ನುತ್ತಾಳೆ ಹೆಂಡತಿ. ಕಳೆದುಕೊಂಡದ್ದು ಉಂಗುರವಲ್ಲ. ಏನೆಂದು ಅವಳಿಗೆ ಇದುವರೆಗೆ ಹೇಳಿಲ್ಲ, ಹೇಳಿದರೆ ನಗುತ್ತಾಳೆ. ನೀವು ನಕ್ಕರೆ ನನಗೆ ಕೇಳಿಸುವುದಿಲ್ಲವಾದ್ದರಿಂದ ನಿಮಗೆ ಹೇಳುತ್ತೇನೆ.

ಮೇಷ್ಟ್ರಾಗುವುದಕ್ಕೆ ಮುಂಚೆ ನಾನು ವಿಜ್ಞಾನಿಯಾಗಬೇಕೆಂದಿದ್ದೆ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆ ಪ್ರಬಂಧ ಬರೆಯಲು ಸೇರಿಕೊಂಡಿದ್ದೆ. ನನ್ನ ವಿಷಯ ಹೊಲದ ಕಳೆ. ಕಾಡಿನಂಚಿನ ಹೊಲಗಳಲ್ಲಿ ಯಾವ ಯಾವ ಕಳೆ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ, ಯಾವುದು ಯಾವುದನ್ನು ಮುಚ್ಚಿಹಾಕುತ್ತದೆ ಎಂದು ಒಂದು ಮಳೆಗಾಲ ಪೂರ್ತಿ ಕೂತು ನೋಡಿ ಬರೆಯುವುದು. ಹುಲಿಯ ಮೇಲೆ ಬರೆಯುತ್ತೇನೆ ಎಂದಿದ್ದರೆ ಹೆಣ್ಣು ಕೊಡುವವರಾದರೂ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು. ಕಳೆ ಎಂದದ್ದಕ್ಕೆ ನಮ್ಮ ತಂದೆ, "ಅದನ್ನ ಕೀಳೋಕೆ ಜನ ಇದಾರೆ, ನೋಡೋಕೆ ನೀನು ಯಾಕೆ?" ಎಂದು ಕೇಳಿದ್ದರು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ದಾರಿಯಲ್ಲಿ ಹಂಗಳ ಸಿಗುತ್ತದೆ. ಅಲ್ಲಿ ಶಿವಮಲ್ಲಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಯ ಜಗಲಿ ಕೋಣೆಯಲ್ಲಿ ಬಿಡಾರ ಮಾಡಿದೆ. ಗಂಡ ತೀರಿಹೋಗಿದ್ದರು, ಮಗ ಸೊಸೆ ಜೊತೆಯಲ್ಲಿದ್ದರು. ಹೊಲದ ಒಂದು ಮೂಲೆಯಲ್ಲಿ ಐದು ಗಜ ಉದ್ದ ಐದು ಗಜ ಅಗಲದ ಜಾಗವನ್ನು ಉಳದೆ ಬಿತ್ತದೆ ನನಗೆ ಬಿಟ್ಟುಕೊಟ್ಟರು. ಸುತ್ತ ಬಿದಿರು ಗೂಟ ನೆಟ್ಟು, ಹುರಿ ಎಳೆದು, ದನ ಮೇಕೆ ಬಾರದ ಹಾಗೆ ಮುಳ್ಳು ಜಡಿದೆ. ಕಾಡು ಹತ್ತಿರವಾದ್ದರಿಂದ ಆನೆ ಬಂದು ತುಳಿದೀತೆಂಬ ಭಯ ಬೇರೆ. ಆನೆ, ಎತ್ತು, ಮೇಕೆ, ಹಂದಿ, ಯಾರು ಯಾರಿಗೆ ಹೆದರಬೇಕೋ ಅವರಿಗೆಲ್ಲ ಹೆದರಿದೆ. ಮಳೆ ಹಿಡಿದು ಕಳೆ ಹುಲುಸಾಗಿ ಬಂತು. ನಾನು ದಿನಾ ಬೆಳಿಗ್ಗೆ ಕುಕ್ಕುರುಗಾಲಲ್ಲಿ ಕೂತು ಎಣಿಸುತ್ತಿದ್ದೆ. ಹೊಲಕ್ಕೆ ಹೋಗುವವರು ನಿಂತು, "ಏನ್ ಮೇಷ್ಟ್ರೇ, ಈ ಸಲ ಫಸಲು ಎಂಗದೆ?" ಎಂದು ಕೇಳುವರು. ಚೆನ್ನಾಗಿದೆ ಎನ್ನುವೆ. "ಒಳ್ಳೇದಾಯ್ತು ಬುಡಿ, ನಮ್ಮೊಲ್ದಲ್ಲೂ ಬೇಕಾದಂಗದೆ, ಬಂದು ಕುಯ್ಕೊಳಿ" ಎಂದು ಹೋಗುವರು.

ಆ ಕಳೆಯ ನಡುವೆ ಒಂದು ಬಗೆಯ ಗಿಡ ಹುಟ್ಟಿತು. ನೆಲಕ್ಕೆ ಒತ್ತಿಕೊಂಡು ಹರಡುವ ಜಾತಿ. ಕೆಂಪು ತೊಟ್ಟು, ಎಲೆಯ ಮೇಲೆ ಸಣ್ಣ ರೋಮ, ಬೆನ್ನ ಮೇಲೆ ನೇರಳೆಯ ಛಾಯೆ. ನನ್ನ ಪುಸ್ತಕಗಳಲ್ಲಿ ಅದಿರಲಿಲ್ಲ. ಹಂಗಳದಿಂದ ಗುಂಡ್ಲುಪೇಟೆಯವರೆಗೆ ಬದು ಬದು ಅಲೆದರೂ ಮತ್ತೊಂದು ಸಿಗಲಿಲ್ಲ. ನನ್ನ ಮಡಿಯಲ್ಲಿದ್ದದ್ದು ಎಂಟು ಗಿಡ. ಒಂದನ್ನು ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ಮೈಸೂರಿಗೆ ಒಯ್ದೆ. ನಮ್ಮ ಪ್ರೊಫೆಸರು ಅದನ್ನು ಬಹಳ ಹೊತ್ತು ನೋಡಿದರು. ಅವರು ಯಾವುದನ್ನೂ ಹೊಗಳಿದವರಲ್ಲ. "ಇದು ನನಗೂ ಗೊತ್ತಿಲ್ಲವಲ್ಲಯ್ಯಾ" ಎಂದರು. ಅವರ ಬಾಯಿಂದ ಆ ಮಾತು ಕೇಳಿದ ಮೊದಲ ವಿದ್ಯಾರ್ಥಿ ನಾನೇ ಇರಬೇಕು. "ಆದರೆ ಹೂವಿಲ್ಲದೆ ಹೆಸರಿಲ್ಲ. ಹೂ ಬಿಟ್ಟ ತಕ್ಷಣ ತಿಳಿಸು, ನಾನೇ ಬಂದು ನೋಡ್ತೀನಿ." ಗಿಡ ಹೊಸದೇ ಆಗಿದ್ದರೆ ಅದಕ್ಕೆ ಹೆಸರಿಡುವ ಭಾಗ್ಯ ನನ್ನದು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿ ಹಚ್ಚಿ ನೋಡಿದೆ. ಒಂದೂ ಹೊಂದಲಿಲ್ಲ. ಅದರಿಂದ ಸಂತೋಷವೇನೂ ಕಡಿಮೆಯಾಗಲಿಲ್ಲ.

ಏಳು ಗಿಡಗಳಲ್ಲೂ ಮೊಗ್ಗು ಕಾಣಿಸಿದ ದಿನ ಪ್ರೊಫೆಸರಿಗೆ ಕಾಗದ ಹಾಕಿದೆ. ಸೋಮವಾರ ಬರುತ್ತೇನೆಂದು ಬರೆದರು. ಶಿವಮಲ್ಲಮ್ಮನಿಗೆ ಹೇಳಿದಾಗ ಆಕೆ ಗಾಬರಿಯಾದಳು. "ನಿಮ್ ದೊಡ್ ಮೇಷ್ಟ್ರಾ? ನಿನ್ನ ಒಲ ನೋಡಾಕಾ?" ಹೌದವ್ವ ಎಂದೆ. "ಅಯ್ಯೋ ಶಿವನೇ" ಎಂದಳು. ಮನೆಗೆ ಬರುವ ದೊಡ್ಡವರಿಗೆ ಏನು ಬಡಿಸುವುದೆಂಬ ಚಿಂತೆ ಇರಬೇಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಮಡಿಯ ಕಡೆ ಹೋಗದೆ ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ, ಕ್ಷೌರ ಮಾಡಿಸಿಕೊಂಡು, ಕಾದಿದ್ದು ಪ್ರೊಫೆಸರನ್ನು ಕರೆತಂದೆ. ಹಂಗಳಕ್ಕೆ ಬಂದಾಗ ಮಧ್ಯಾಹ್ನ. ಮೊದಲು ಊಟ, ಆಮೇಲೆ ಹೊಲ ಎಂದು ಶಿವಮಲ್ಲಮ್ಮ ಹಟ ಹಿಡಿದಳು.

ಬಾಳೆಲೆ ಹಾಕಿ, ರಾಗಿಮುದ್ದೆ ಇಟ್ಟು, ಉಪ್ಪುಸಾರು, ಬೇಯಿಸಿದ ಸೊಪ್ಪು, ರುಬ್ಬಿದ ಖಾರ ಬಡಿಸಿದಳು. ಪ್ರೊಫೆಸರು ಹಸಿದಿದ್ದರು. ನಾನು ಹಸಿದಿದ್ದೆನೋ ಇಲ್ಲವೋ ತಿಳಿಯದು, ಏಕೆಂದರೆ ಒಂದೇ ಸಮನೆ ಮಾತಾಡುತ್ತಿದ್ದೆ. ಆ ಗಿಡದ ರೋಮ ಎಂಥದ್ದು, ಮೊಗ್ಗಿನ ತೊಟ್ಟು ಹೇಗೆ ಬಾಗಿದೆ, ಯಾವ ಕುಟುಂಬಕ್ಕೆ ಸೇರೀತು, ಯಾವುದಕ್ಕೆ ಸೇರಲಾರದು. ಮಾತಿನ ಮಧ್ಯೆ ಶಿವಮಲ್ಲಮ್ಮ ಎರಡನೇ ಸಲ ಸೊಪ್ಪು ಹಾಕಿದಳು, ತಿಂದೆ. "ಬಹಳ ಚೆನ್ನಾಗಿದೆಯಮ್ಮ, ಇದು ಏನು ಸೊಪ್ಪು?" ಎಂದು ಪ್ರೊಫೆಸರೇ ಕೇಳಿದರು. ಆಕೆಯ ಮುಖ ಅರಳಿತು.

"ಬೆರ್ಕೆ ಸೊಪ್ಪು ಬುದ್ದಿ. ಇವ್ರ ಒಲದ್ದೇಯ. ಪಾಪ, ಓದೋ ಮಗ, ಕಳೆ ಕಿತ್ತು ಗೊತ್ತಿಲ್ಲ. ತಿಂಗ್ಳಾನುಗಟ್ಲೆ ನೋಡ್ತಾ ಕೂತವ್ನೆ, ಒಂದ್ ಕಡ್ಡಿನೂ ಕೀಳ್ನಿಲ್ಲ. ನೀವು ಬಂದು ನೋಡಿ ಏನಂದ್ಕಂಡೀರಿ ಅಂತ ಬೆಳಿಗ್ಗೆಯೇ ನಾನೂ ಸೊಸೆನೂವೆ ಓಗಿ ಎಲ್ಲಾನೂ ಬೇರು ಸಮೇತ ಕಿತ್ತು ಕ್ಲೀನ್ ಮಾಡ್ಬುಟ್ಟೋ. ಎಳೇದಾಗಿತ್ತು, ಊ ಬುಟ್ರೆ ನಾರಾಗೋಯ್ತದೆ. ಯಾಕ್ ಬಿಸಾಕದು ಅಂತ ಬೇಸ್ಬುಟ್ಟೆ."

ಪ್ರೊಫೆಸರು ನಿಧಾನವಾಗಿ ಹಲ್ಲಿನ ಸಂದಿಯಿಂದ ಒಂದು ಕೆಂಪು ತೊಟ್ಟನ್ನು ತೆಗೆದು, ಕನ್ನಡಕ ಹಣೆಗೇರಿಸಿ ನೋಡಿ, ಎಲೆಯ ತುದಿಗಿಟ್ಟರು. "ಇನ್ನೂ ಸ್ವಲ್ಪ ಉಳಿದಿದೆಯೇನಮ್ಮ?" ಎಂದು ಕೇಳಿದರು. ಇನ್ನೊಂದು ಸಲ ಬಡಿಸಿಕೊಳ್ಳುತ್ತಾರೆಂದು ಆಕೆ ಸಂಭ್ರಮದಿಂದ ಓಡಿ ಪಾತ್ರೆ ತಂದಳು. ಇಬ್ಬರೂ ಪಾತ್ರೆಯೊಳಗೆ ಇಣುಕಿದೆವು. ಬೆಂದ ಸೊಪ್ಪಿಗೆ ಜಾತಿಯಿಲ್ಲ, ಎಲ್ಲವೂ ಒಂದೇ ಹಸಿರು ಮುದ್ದೆ. ಆಮೇಲೆ ಹೊಲಕ್ಕೆ ಹೋದೆವು. ನಾಲ್ಕು ಗೂಟ, ಬಿಗಿಯಾಗಿ ಎಳೆದ ಹುರಿ, ನಡುವೆ ಕೆದಕಿ ಮಟ್ಟ ಮಾಡಿದ ಕೆಂಪು ಮಣ್ಣು. ಇಡೀ ಹಂಗಳದಲ್ಲಿ ಅಷ್ಟು ಚೊಕ್ಕಟವಾದ ಹೊಲ ಇನ್ನೊಂದಿರಲಿಲ್ಲ. ಕಿತ್ತ ಬೇರುಗಳನ್ನು ದನಕ್ಕೆ ಹಾಕಿದ್ದಾಗಿತ್ತು. ಪ್ರೊಫೆಸರು ಬಸ್ಸು ಹತ್ತುವಾಗ ನನ್ನ ಭುಜ ತಟ್ಟಿ, "ಅಧ್ಯಾಪಕ ವೃತ್ತಿಯೂ ಒಳ್ಳೆಯದೇ ಕಣಯ್ಯಾ" ಎಂದರು.

ಇಲ್ಲಿಯವರೆಗಿನದನ್ನು ನಾನು ನಗುತ್ತಲೇ ಹೇಳಬಲ್ಲೆ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಬಸ್ಸು ಹೋದಮೇಲೆ ಮನೆಗೆ ಬಂದು ಶಿವಮಲ್ಲಮ್ಮನ ಮೇಲೆ ಕೂಗಾಡಿದೆ. ನನ್ನ ಬಾಳು ಹಾಳು ಮಾಡಿದಿರಿ, ಆ ಗಿಡ ಹೂ ಬಿಡಲೆಂದೇ ಕಾದಿದ್ದೆ, ನಿಮ್ಮ ಹೊಟ್ಟೆಗೆ ಬೇರೆ ಸೊಪ್ಪು ಸಿಗಲಿಲ್ಲವೇ ಎಂದೆಲ್ಲ ಅಂದೆ. ಅದನ್ನು ತಿಂದದ್ದು ನನ್ನ ಹೊಟ್ಟೆ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಆಕೆ ಕಂಬಕ್ಕೊರಗಿ ಕೇಳಿಸಿಕೊಂಡಳು. ಕೊನೆಗೆ, "ಯಾವ್ದಪ್ಪ ಅದು? ಕೆಂಪು ತೊಟ್ಟಿಂದಾ? ಬೆನ್ನು ನೇರ್ಳೆ ಬಣ್ಣ? ಅದ್ಕೆ ನಮ್ಮವ್ವ ಒಂದು ಎಸ್ರು ಯೋಳ್ತಿದ್ಲು ಕಣಪ್ಪಾ" ಎಂದು ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ. "ನಿಮ್ಮ ಹೆಸರು ಯಾರಿಗೆ ಬೇಕು!" ಎಂದು ಕೂಗಿ, ಟ್ರಂಕು ಹೊತ್ತುಕೊಂಡು ಹೊರಟೆ. ಆಕೆ ಬಾಗಿಲವರೆಗೆ ಬಂದು, "ಉಂಡ್ಕಂಡು ಓಗು" ಎಂದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಮುಂದಿನ ಮಳೆಗಾಲಕ್ಕೆ ನಾನು ಚಾಮರಾಜನಗರದಲ್ಲಿ ಮೇಷ್ಟ್ರಾಗಿದ್ದೆ. ಒಂದು ದಿನ ಹಂಗಳದ ಬಸ್ಸಿನ ಕಂಡಕ್ಟರೊಬ್ಬ ಸ್ಕೂಲಿನ ಗೇಟಿಗೆ ಬಂದು ವಿಚಾರಿಸಿದ. "ಅಂಗಳದ ಅಜ್ಜಿ ಯೋಳಿ ಕಳ್ಸವ್ರೆ ಮೇಷ್ಟ್ರೇ. ಅದೇ ಮೂಲೇಲಿ ಆ ಸೊಪ್ಪು ತಿರ್ಗಾ ಬಂದದಂತೆ, ಕೀಳ್ದೆ ಮಡಗವ್ರಂತೆ. ಊ ಬುಟ್ಟದೆ, ಬಿರ್ನೆ ಬಾ ಅಂದವ್ರೆ." ಹೂ ಎಂದರೆ ನನಗೆ ಎಷ್ಟು ಮುಖ್ಯ ಎಂಬುದನ್ನು ಆಕೆ ನನ್ನ ಬೈಗುಳದಿಂದಲೇ ಕಲಿತಿದ್ದಳು. ಆವತ್ತೇ ಹೋಗಬಹುದಾಗಿತ್ತು. ಬಿಂಕ ಬಿಡಲಿಲ್ಲ. ಪರೀಕ್ಷೆಯ ಪೇಪರುಗಳಿದ್ದವು ಎಂದು ನನಗೆ ನಾನೇ ಹೇಳಿಕೊಂಡೆ. ಪೇಪರುಗಳೇನೋ ಇದ್ದವು, ತಿದ್ದದೆ ಇಟ್ಟುಕೊಂಡಿದ್ದೆ. ಮೂರು ವಾರ ಕಳೆದು ಹಂಗಳಕ್ಕೆ ಹೋದೆ. ಬಾಗಿಲಲ್ಲಿ ಸೊಸೆ ಇದ್ದಳು. ಅತ್ತೆ ಜ್ವರ ಬಂದು ತೀರಿಕೊಂಡರು, ಹನ್ನೆರಡು ದಿನವಾಯಿತು ಎಂದಳು. ಆ ಮೂಲೆಯನ್ನು ಅವಳ ಗಂಡ ಉತ್ತು ಹುರುಳಿ ಬಿತ್ತಿದ್ದ. "ಅತ್ತೆ ಗಿಡದ್ ಮ್ಯಾಲೆ ಮಂಕ್ರಿ ಕವಚಿ ಮಡ್ಗಿದ್ರು, ಮೇಕೆ ತಿಂದಾತು ಅಂತ. ದಿನಾ ಬಸ್ ಬರೋ ಹೊತ್ಗೆ ರಸ್ತೆ ನೋಡೋರು" ಎಂದಳು. ಗಿಡದ ಹೆಸರು ಕೇಳಿದೆ. "ನನ್ಗೇನ್ ಗೊತ್ತು ಬುದ್ದಿ, ಅದೆಲ್ಲ ಅತ್ತೆಗೇಯ" ಎಂದಳು. ಹೊಲದ ಬದುವಿನಲ್ಲಿ ಕೂತು ಅತ್ತುಬಿಟ್ಟೆ. ಅಳುವುದಕ್ಕೂ ನಾನು ಹನ್ನೆರಡು ದಿನ ತಡವಾಗಿ ಹೋಗಿದ್ದೆ.

ಪ್ರೊಫೆಸರ ಬೀರುವಿನಲ್ಲಿ ಆ ಒಂದು ಹಾಳೆ ಈಗಲೂ ಇರಬಹುದು. ಕೆಳಗೆ ಊರು ಹಂಗಳ, ಸಂಗ್ರಹಿಸಿದವರು ನಾನು, ಹೆಸರು ಖಾಲಿ. ಅದಕ್ಕೇ ನಾನು ಸೊಪ್ಪು ಸೋಸುವುದು. ಒಂದಲ್ಲ ಒಂದು ದಿನ ಯಾವಳೋ ಸೊಪ್ಪಿನವಳ ಮಡಿಲಿನಲ್ಲಿ ಆ ಕೆಂಪು ತೊಟ್ಟು ಸಿಕ್ಕರೆ, ಅವಳನ್ನು ಕೂರಿಸಿ, ಇದನ್ನು ನೀವು ಏನೆಂದು ಕರೆಯುತ್ತೀರಿ ತಾಯಿ ಎಂದು ಕೇಳಬೇಕು. ಲ್ಯಾಟಿನ್ ಬಾಲದ ಆಸೆ ಹೋಗಿ ಎಷ್ಟೋ ಕಾಲವಾಯಿತು.

ಕಣ್ಣಿಗೆ ಸಿಗದಿದ್ದರೆ ಬಾಯಿಗಾದರೂ ಸಿಕ್ಕೀತೆಂದು ಊಟದಲ್ಲಿ ಮೊದಲ ತುತ್ತನ್ನು ಕಣ್ಣು ಮುಚ್ಚಿ ಅಗಿಯುತ್ತೇನೆ. ಹೆಂಡತಿ ನಾನು ದೇವರನ್ನು ನೆನೆಯುತ್ತೇನೆಂದು ತಿಳಿದಿದ್ದಾಳೆ, ನಾನೂ ತಿದ್ದಲು ಹೋಗಿಲ್ಲ. "ಯಾಕೆ, ಉಪ್ಪು ಕಮ್ಮಿಯಾಯ್ತಾ?" ಎಂದು ನಿನ್ನೆ ಕೇಳಿದಳು. ಇಲ್ಲ, ಸರಿಯಾಗಿದೆ ಎಂದೆ. ನಿಮ್ಮಲ್ಲಿ ಸುಳ್ಳೇಕೆ? ಆ ಸೋಮವಾರ ಶಿವಮಲ್ಲಮ್ಮನ ಕೈಯಿಂದ ಆ ಗಿಡವನ್ನು ಎರಡು ಸಲ ಬಡಿಸಿಕೊಂಡು ತಿಂದವನು ನಾನು. ಆದರೆ ತಿನ್ನುವಷ್ಟು ಹೊತ್ತೂ ಅದೇ ಗಿಡದ ಬಗ್ಗೆ ಪ್ರೊಫೆಸರಿಗೆ ಪಾಠ ಹೇಳುತ್ತಿದ್ದೆ. ಅದರ ರುಚಿ ಹೇಗಿತ್ತೆಂದು ಗಮನಿಸಿದವನೇ ಅಲ್ಲ.